ಇನ್ನೂರ ಎಂಬತ್ತು ರೂಪಾಯಿಯ ಕ್ಯಾಸೆಟ್ಟಿನ ನಿಜವಾದ ಬೆಲೆ

ಹಳೆಯ ವಿಡಿಯೊ ಗೇಮುಗಳನ್ನು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಹುಡುಕಿ ಕೊಳ್ಳುವ ಹವ್ಯಾಸದಲ್ಲಿ ಪ್ರತಿಯೊಂದು ವಸ್ತುವಿಗೂ ಎರಡು ಬೆಲೆಗಳಿರುತ್ತವೆ. ಮಾರುವವನು ಹೇಳುವ ಬೆಲೆ ಒಂದು. ಆ ವಸ್ತು ಕೊಂಡವನ ಮನೆಯ ಟಿವಿಯ ಮುಂದೆ ಆಡಲು ಸಿದ್ಧವಾಗುವ ಹೊತ್ತಿಗೆ ಕೈಬಿಟ್ಟು ಹೋಗಿರುವ ಒಟ್ಟು ಹಣ ಇನ್ನೊಂದು. ಮೊದಲನೆಯದು ಒಂದೇ ಅಂಕಿಯಾಗಿ ಎದ್ದು ಕಾಣುತ್ತದೆ, ಎರಡನೆಯದು ಹಲವು ಸಣ್ಣ ರಸೀದಿಗಳಲ್ಲಿ, ಬೇರೆ ಬೇರೆ ತಿಂಗಳುಗಳಲ್ಲಿ ಹಂಚಿಹೋಗುವುದರಿಂದ ಅದನ್ನು ಕೂಡಿ ನೋಡುವ ಸಂದರ್ಭವೇ ಹೆಚ್ಚಿನವರಿಗೆ ಒದಗುವುದಿಲ್ಲ. ಈ ಅಂಕಣಕಾರನು 2022ರಲ್ಲಿ ಜಪಾನಿನಿಂದ ತರಿಸಿಕೊಂಡ ಒಂದು ಪೆಟ್ಟಿಗೆಯ ಲೆಕ್ಕವನ್ನು ರೂಪಾಯಿ ಪೈಸೆಯ ಮಟ್ಟಿಗೆ ಇಲ್ಲಿ ಬಿಡಿಸಿಡುತ್ತಿರುವುದಕ್ಕೆ ಕಾರಣ ಅದೇ.

ಈ ಹವ್ಯಾಸದ ಬೇರು ಕರ್ನಾಟಕದ ಮಧ್ಯಮ ವರ್ಗದ ಮನೆಗಳಲ್ಲಿ ಎಲ್ಲಿದೆ ಎಂಬುದನ್ನು ಮೊದಲು ಹೇಳಬೇಕು. 1990ರ ದಶಕದಲ್ಲಿ ಇಲ್ಲಿನ ಮಕ್ಕಳು ಆಡಿದ್ದು ಬಹುಮಟ್ಟಿಗೆ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರವನ್ನು ಅಥವಾ ಅದರ ನಕಲುಗಳನ್ನು. ಅವು 'ಸಮುರಾಯ್', 'ಮೀಡಿಯಾ', 'ಲಿಟಲ್ ಮಾಸ್ಟರ್', 'ಟರ್ಮಿನೇಟರ್' ಮುಂತಾದ ಹೆಸರುಗಳಲ್ಲಿ ಅಂಗಡಿಗೆ ಬರುತ್ತಿದ್ದವು. ಆಟವನ್ನು ತುಂಬಿಟ್ಟ ಪ್ಲಾಸ್ಟಿಕ್ ಕವಚದ ಸರ್ಕಿಟ್ ಹಲಗೆಗೆ ತಯಾರಕರು ಕಾರ್ಟ್ರಿಜ್ ಎನ್ನುತ್ತಿದ್ದರೂ ಇಲ್ಲಿನ ಬೀದಿಗಳಲ್ಲಿ ಅದು ಎಂದಿಗೂ ಕ್ಯಾಸೆಟ್ಟೇ ಆಗಿತ್ತು. ರಜೆಯಲ್ಲಿ ಬಾಡಿಗೆಗೆ ತಂದು, ಗಾಳಿ ಊದಿ ಸಿಕ್ಕಿಸಿ, ಸೂಪರ್ ಮಾರಿಯೊವನ್ನೋ ಕಾಂಟ್ರಾವನ್ನೋ ಆಡಿದ ತಲೆಮಾರು ಈಗ ಸಂಬಳ ತರುವ ವಯಸ್ಸಿನಲ್ಲಿದೆ. ಆದರೆ ಫ್ಯಾಮಿಕಾಮಿನ ನಂತರದ ಯಂತ್ರವಾದ ಸೂಪರ್ ಫ್ಯಾಮಿಕಾಮ್ ಇಲ್ಲಿನ ಮನೆಗಳಿಗೆ ಬಂದದ್ದು ತೀರ ಅಪರೂಪ. ಬಾಲ್ಯದಲ್ಲಿ ಕೈಗೆ ಸಿಗದೆ ಪತ್ರಿಕೆಯ ಚಿತ್ರದಲ್ಲಷ್ಟೇ ಕಂಡ ಆ ಯಂತ್ರವನ್ನು ನಡುವಯಸ್ಸಿನಲ್ಲಿ ಕೊಳ್ಳಬೇಕೆಂಬ ಆಸೆ ತಪ್ಪಲ್ಲ. ಆ ಆಸೆಯನ್ನು 'ಉಳಿತಾಯ' ಎಂದು ಕರೆದುಕೊಂಡದ್ದು ತಪ್ಪು.

ಜಪಾನಿನ ಹಳೆಯ ಸಾಮಾನಿನ ವ್ಯಾಪಾರದಲ್ಲಿ 'ಜಂಕ್' ಎಂಬ ಪದಕ್ಕೆ ಒಂದು ನಿರ್ದಿಷ್ಟ ಅರ್ಥವಿದೆ. ಅದು ಕೆಟ್ಟುಹೋದ ವಸ್ತು ಎಂದೇನೂ ಅಲ್ಲ. ಪರೀಕ್ಷೆ ಮಾಡಿಲ್ಲ, ನಡೆಯಬಹುದು ಅಥವಾ ನಡೆಯದಿರಬಹುದು, ಯಾವ ಕಾರಣಕ್ಕೂ ವಾಪಸು ಪಡೆಯುವುದಿಲ್ಲ ಎಂಬ ಷರತ್ತಿನ ಮೇಲೆ ಮಾರುವ ವಸ್ತು ಎಂದು. ಟೋಕಿಯೊದ ಅಕಿಹಬಾರಾದಲ್ಲೂ ಒಸಾಕಾದ ನಿಪ್ಪೊನ್‌ಬಾಶಿಯಲ್ಲೂ ಸ್ವತಃ ನಿಂತು ಬುಟ್ಟಿ ಕೆದಕುವವನು ಪಿನ್ನುಗಳ ತುಕ್ಕನ್ನೂ ಲೇಬಲ್ಲಿನ ಹರಕನ್ನೂ ಕಣ್ಣಾರೆ ನೋಡಿ ಆರಿಸಿಕೊಳ್ಳಬಲ್ಲ. ಬೆಂಗಳೂರಿನಲ್ಲಿ ಕುಳಿತವನಿಗೆ ಆ ಅನುಕೂಲವಿಲ್ಲ. ಜಪಾನಿನ ಹರಾಜು ತಾಣಗಳ ಬಹುತೇಕ ಮಾರಾಟಗಾರರು ಹೊರದೇಶಕ್ಕೆ ಕಳುಹಿಸದ ಕಾರಣ, ಅಲ್ಲಿನ ವಿಳಾಸದಲ್ಲಿ ಸರಕು ಪಡೆದು ಮುಂದಕ್ಕೆ ರವಾನಿಸುವ ಮಧ್ಯವರ್ತಿ ಸಂಸ್ಥೆಯೊಂದನ್ನು ಆತ ನೆಚ್ಚಬೇಕಾಗುತ್ತದೆ. ಅಂಕಣಕಾರನು ಕೊಂಡದ್ದು ಅಂಥ ಒಂದು ಜಂಕ್ ರಾಶಿಯನ್ನು: ಒಂದು ಸೂಪರ್ ಫ್ಯಾಮಿಕಾಮ್ ಯಂತ್ರ, ಎರಡು ಕಂಟ್ರೋಲರ್, ಮೂವತ್ತು ಕ್ಯಾಸೆಟ್. ಹರಾಜಿನ ಬೆಲೆ 14,000 ಯೆನ್. ಯೆನ್ನಿಗೆ 60 ಪೈಸೆಯಂತೆ 8,400 ರೂಪಾಯಿ. ಯಂತ್ರ ಉಚಿತವೆಂದು ಭಾವಿಸಿದರೆ ಕ್ಯಾಸೆಟ್ಟಿಗೆ 280 ರೂಪಾಯಿ. ಈ 280 ಎಂಬ ಅಂಕಿ ಮನಸ್ಸಿನಲ್ಲಿ ಕುಳಿತ ಮೇಲೆ ಮುಂದಿನ ಯಾವ ಅಂಕಿಯೂ ಅದನ್ನು ಅಲುಗಿಸಲಿಲ್ಲ.

ಲೆಕ್ಕ ಮುಂದುವರಿದದ್ದು ಹೀಗೆ. ಮಧ್ಯವರ್ತಿ ಸಂಸ್ಥೆಯ ಶುಲ್ಕ 800 ಯೆನ್, ಮಾರಾಟಗಾರನಿಂದ ಅದರ ಗೋದಾಮಿಗೆ ಸಾಗಿಸಿದ್ದಕ್ಕೆ 1,200 ಯೆನ್, ಅಲ್ಲಿಂದ ಬೆಂಗಳೂರಿಗೆ ವಿಮಾನ ಅಂಚೆಯ ವೆಚ್ಚ 9,000 ಯೆನ್. ಒಟ್ಟು 25,000 ಯೆನ್, ಅಂದರೆ 15,000 ರೂಪಾಯಿ. (1990ರ ನವೆಂಬರ್ 21ರಂದು ಈ ಯಂತ್ರ ಜಪಾನಿನಲ್ಲಿ ಬಿಡುಗಡೆಯಾದಾಗ ಹೊಚ್ಚಹೊಸದರ ಬೆಲೆಯೂ ಸರಿಯಾಗಿ 25,000 ಯೆನ್ ಇತ್ತು.) ಇದನ್ನು ಕ್ರೆಡಿಟ್ ಕಾರ್ಡಿನಲ್ಲಿ ಪಾವತಿಸಿದ್ದರಿಂದ, ವಿದೇಶಿ ಕರೆನ್ಸಿಯ ವಹಿವಾಟಿಗೆ ಬ್ಯಾಂಕು ಹಾಕುವ ಮಾರ್ಕಪ್ ಎಂಬ ಶುಲ್ಕ ಶೇ 3.5ರಂತೆ 525 ರೂಪಾಯಿ, ಆ ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿ 94 ರೂಪಾಯಿ 50 ಪೈಸೆ ಸೇರಿತು.

ಅನಂತರ ಬಂದದ್ದು ಸೀಮಾಸುಂಕ. ವೈಯಕ್ತಿಕ ಬಳಕೆಗೆಂದು ಅಂಚೆಯಲ್ಲಿ ಬರುವ ಸರಕಿಗೆ ಸುಂಕ ಹಾಕುವಾಗ ವಸ್ತುವಿನ ಬೆಲೆಯನ್ನಷ್ಟೇ ಅಲ್ಲ, ಸಾಗಣೆ ವೆಚ್ಚವನ್ನೂ ಕೂಡಿಸಿ ಮೌಲ್ಯ ಕಟ್ಟಲಾಗುತ್ತದೆ ಎಂಬುದನ್ನು ಗಮನಿಸಬೇಕು. ಅಂದರೆ ಸಾಗಣೆಗೆ ಕೊಟ್ಟ ಪ್ರತಿ ರೂಪಾಯಿಗೂ ಮತ್ತೊಮ್ಮೆ ತೆರಬೇಕು. ಈ ಪೆಟ್ಟಿಗೆಗೆ ಅನ್ವಯವಾದ ಮೂಲ ಸುಂಕ ಶೇ 35, ಅಂದರೆ 15,000ಕ್ಕೆ 5,250 ರೂಪಾಯಿ. ಮೂಲ ಸುಂಕದ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಸರ್ಚಾರ್ಜ್, 525 ರೂಪಾಯಿ. ಇವೆರಡನ್ನೂ ಮೌಲ್ಯಕ್ಕೆ ಸೇರಿಸಿದಾಗ ಬರುವ 20,775 ರೂಪಾಯಿಯ ಮೇಲೆ, ಅಂದರೆ ಸುಂಕದ ಮೇಲೂ ಸೇರಿ, ಶೇ 28ರ ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) 5,817 ರೂಪಾಯಿ. ಮೂರೂ ಕೂಡಿ 11,592 ರೂಪಾಯಿ; ಮೂಲ ಮೌಲ್ಯದ ಶೇ 77.28. ಬಜೆಟ್ಟಿನಿಂದ ಬಜೆಟ್ಟಿಗೆ ಈ ದರಗಳು ಬದಲಾಗುವುದರಿಂದ ಇಂದು ತರಿಸುವವರು ಇಂದಿನ ದರವನ್ನೇ ನೋಡಿಕೊಳ್ಳಬೇಕು, ಆದರೆ ತೆರಿಗೆಯ ಮೇಲೆ ತೆರಿಗೆ ಕೂಡುವ ಕ್ರಮವನ್ನು ಅರಿಯದೆ ಶೇ 35ನ್ನೂ ಶೇ 28ನ್ನೂ ಸುಮ್ಮನೆ ಕೂಡಿ 63 ಎಂದು ಅಂದಾಜಿಸಿದವನು, ಅಂಕಣಕಾರನಂತೆಯೇ, ಅಂಚೆ ಕಚೇರಿಯ ಕಿಟಕಿಯ ಮುಂದೆ ಎರಡು ಸಾವಿರ ರೂಪಾಯಿಗೂ ಹೆಚ್ಚು ಕೊರತೆಯೊಡನೆ ನಿಲ್ಲುತ್ತಾನೆ.

ಇಲ್ಲಿಗೆ ಮೊತ್ತ 27,211 ರೂಪಾಯಿ 50 ಪೈಸೆ, ಆದರೆ ಆಟ ಇನ್ನೂ ಆರಂಭವಾಗಿರಲಿಲ್ಲ. ಜಪಾನಿನ ಮನೆಗಳ ವಿದ್ಯುತ್ತು 100 ವೋಲ್ಟಿನದು, ಇಲ್ಲಿನದು 230. ನೇರವಾಗಿ ಸಿಕ್ಕಿಸಿದರೆ ಅಡಾಪ್ಟರ್ ಸುಟ್ಟುಹೋಗುವುದರಿಂದ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, 1,600 ರೂಪಾಯಿ. ಹಳೆಯ ಹಳದಿ ಪಿನ್ನಿನ ವಿಡಿಯೊ ಸಂಕೇತವನ್ನು ಹೊಸ ಟಿವಿಯ ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್, 1,900 ರೂಪಾಯಿ. ಕ್ಯಾಸೆಟ್ಟುಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ಆಟ ನಿಲ್ಲಿಸಿದ ಹಂತವನ್ನು ಉಳಿಸಿಡುವ ಕ್ಯಾಸೆಟ್ಟುಗಳೊಳಗೆ ಒಂದು ಸಣ್ಣ ಮೆಮೊರಿ ಚಿಪ್ಪೂ ಅದಕ್ಕೆ ಸದಾ ವಿದ್ಯುತ್ತು ಕೊಡುವ ಗುಂಡಿಯಾಕಾರದ ಸೆಲ್ಲೂ ಇರುತ್ತವೆ. ಸೆಲ್ಲು ಸತ್ತರೆ ಆಟ ನಡೆಯುತ್ತದೆ, ಉಳಿಸಿಟ್ಟದ್ದು ಉಳಿಯುವುದಿಲ್ಲ. ಅದನ್ನು ಬದಲಿಸಲು ವಿಶೇಷ ತಿರುಪಿನ ಸ್ಕ್ರೂಡ್ರೈವರ್, ಬೆಸುಗೆ ಹಾಕಿದ ಪಟ್ಟಿಯುಳ್ಳ ಸೆಲ್ಲು, ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ರಿಪೇರಿಯವರ ಕೂಲಿ ಎಲ್ಲ ಸೇರಿ ಏಳು ಕ್ಯಾಸೆಟ್ಟುಗಳಿಗೆ 1,400 ರೂಪಾಯಿ. ಒಟ್ಟು 32,111 ರೂಪಾಯಿ 50 ಪೈಸೆ.

ಈಗ ಭಾಗಿಸಬೇಕಾದ ಸಂಖ್ಯೆ ಯಾವುದು ಎಂಬುದೇ ಮುಖ್ಯ ಪ್ರಶ್ನೆ. ಮೂವತ್ತರಿಂದ ಭಾಗಿಸಿದರೆ ಕ್ಯಾಸೆಟ್ಟಿಗೆ 1,070 ರೂಪಾಯಿ ಚಿಲ್ಲರೆ. ಆದರೆ ಆಡದ ಆಟವನ್ನು ಎಣಿಕೆಯಲ್ಲಿ ಸೇರಿಸುವುದು ತನಗೆ ತಾನೇ ಹೇಳಿಕೊಳ್ಳುವ ಸುಳ್ಳು. ಮೂವತ್ತರಲ್ಲಿ ನಾಲ್ಕು ಯಾವ ಪ್ರಯತ್ನಕ್ಕೂ ಏಳಲಿಲ್ಲ. ಹನ್ನೊಂದು 'ಡ್ರ್ಯಾಗನ್ ಕ್ವೆಸ್ಟ್', 'ಫೈನಲ್ ಫ್ಯಾಂಟಸಿ' ಮಾದರಿಯ, ಪುಟಗಟ್ಟಲೆ ಜಪಾನಿ ಮಾತು ಓದಿಕೊಂಡೇ ಮುಂದುವರಿಯಬೇಕಾದ ಕಥಾ ಆಟಗಳು. ಅಲ್ಲಿ ಲಕ್ಷಗಟ್ಟಲೆ ಮಾರಾಟವಾದವು ಅವೇ ಆದ್ದರಿಂದ ಜಂಕ್ ರಾಶಿಗಳಲ್ಲಿ ತುಂಬಿರುವುದೂ ಅವೇ. ಆರು ಬೇಸ್‌ಬಾಲ್, ಮಾಜಾಂಗ್, ಕುದುರೆ ಜೂಜು. ನಾಲ್ಕು ರಾಶಿಯಲ್ಲೇ ಇದ್ದ ಆಟಗಳ ಎರಡನೇ ಪ್ರತಿಗಳು. ಮನೆಯವರೆಲ್ಲ ಕೂತು ನಿಜವಾಗಿ ಆಡಿದ್ದು ಐದೇ ಐದು: ಸೂಪರ್ ಮಾರಿಯೊ ವರ್ಲ್ಡ್, ಎಫ್-ಝೀರೊ, ಸೂಪರ್ ಮಾರಿಯೊ ಕಾರ್ಟ್, ಸ್ಟ್ರೀಟ್ ಫೈಟರ್ 2, ಸೂಪರ್ ಬಾಂಬರ್‌ಮ್ಯಾನ್. ಐದರಿಂದ ಭಾಗಿಸಿದಾಗ ಒಂದೊಂದರ ಬೆಲೆ 6,422 ರೂಪಾಯಿ 30 ಪೈಸೆ. ಸೆಲ್ಲು ಬದಲಿಸಿದ ಏಳರಲ್ಲಿ ಐದು ಓದಲಾಗದ ಜಪಾನಿ ಕ್ಯಾಸೆಟ್ಟುಗಳೇ ಆಗಿದ್ದವು. ಯಾವುದು ಬೇಕು ಎಂದು ತೀರ್ಮಾನಿಸುವ ಮೊದಲೇ ರಿಪೇರಿಗೆ ಕೊಟ್ಟದ್ದು ತಪ್ಪಿನೊಳಗೆ ಮತ್ತೊಂದು ತಪ್ಪು. ಮುಂದೆ ಹದಿನಾಲ್ಕನ್ನು ತಲಾ 300 ರೂಪಾಯಿಗೆ ಮಾರಿದ್ದರಿಂದ 4,200 ರೂಪಾಯಿ ಮರಳಿತು, ಅದನ್ನು ಕಳೆದರೂ ತಲಾ ಬೆಲೆ 5,582 ರೂಪಾಯಿ 30 ಪೈಸೆಗಿಂತ ಕೆಳಗೆ ಇಳಿಯಲಿಲ್ಲ.

ಇಷ್ಟಾಗಿಯೂ ಆ ಐದು ಆಟಗಳು ಆಡಲ್ಪಟ್ಟವು. ಆಡಲೇಬಾರದ ವಿಡಿಯೊ ಗೇಮನ್ನು ಹೂಡಿಕೆ ಎಂದು ಮಾರುವವರ ಬಗ್ಗೆ ಮಾತ್ರ ಸಹನೆಯಿಂದ ಬರೆಯುವುದು ಕಷ್ಟ. ಗ್ರೇಡಿಂಗ್ ಎಂಬ ಈ ಪದ್ಧತಿಯಲ್ಲಿ ಮೂಲ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಹಳೆಯ ಆಟದ ಸ್ಥಿತಿಗೆ ಒಂದು ಸಂಸ್ಥೆ ಅಂಕ ಕೊಟ್ಟು, ಪಾರದರ್ಶಕ ಪೆಟ್ಟಿಗೆಯಲ್ಲಿ ಶಾಶ್ವತವಾಗಿ ಮುಚ್ಚಿಬಿಡುತ್ತದೆ. 2021ರ ಏಪ್ರಿಲಿನಲ್ಲಿ ಅಮೆರಿಕದ ಹರಾಜೊಂದರಲ್ಲಿ ಅಂಥ ಸೂಪರ್ ಮಾರಿಯೊ ಬ್ರದರ್ಸ್ ಪ್ರತಿ 6,60,000 ಡಾಲರಿಗೆ, ಅದೇ ವರ್ಷದ ಜುಲೈನಲ್ಲಿ ಸೂಪರ್ ಮಾರಿಯೊ 64ರ ಪ್ರತಿ 15,60,000 ಡಾಲರಿಗೆ ಹೋಯಿತು. ಎರಡನೆಯದು ಕೋಟಿಗೂ ಮೇಲ್ಪಟ್ಟು ಪ್ರತಿಗಳು ಮಾರಾಟವಾದ ಆಟ. ಮರುತಿಂಗಳು, ಒಂದೇ ಕ್ಯಾಸೆಟ್ಟನ್ನು ಷೇರುಗಳಾಗಿ ತುಂಡರಿಸಿ ಮಾರುವ ವೇದಿಕೆಯೊಂದರಲ್ಲಿ ಇನ್ನೊಂದು ಮಾರಿಯೊ ಪ್ರತಿಗೆ 20 ಲಕ್ಷ ಡಾಲರ್ ಬಂತು. ಬಡ್ಡಿ ಇಲ್ಲ, ಲಾಭಾಂಶ ಇಲ್ಲ, ಬಾಡಿಗೆ ಇಲ್ಲ. ಬೇಕೆಂದಾಗ ಕೊಳ್ಳುವವರು ಸಿಗುವರೆಂಬ ಖಾತರಿ ಇಲ್ಲ. ಬೆಲೆಯನ್ನು ನಿರ್ಧರಿಸುವವರು ಬೆರಳೆಣಿಕೆಯ ಹರಾಜುದಾರರು. ಚಿನ್ನವನ್ನಾದರೂ ಅಡವಿಡಬಹುದು. ಹರಾಜಿನ ಸುದ್ದಿ ತೋರಿಸಿ 'ನಿಮ್ಮ ಅಟ್ಟದ ಮೇಲೂ ಲಕ್ಷಗಳಿರಬಹುದು' ಎಂದು ಇಲ್ಲಿಯ ಓದುಗರನ್ನು ಹುರಿದುಂಬಿಸುವ ಮಾತುಗಳನ್ನು ನಂಬಬಾರದು. ಅಟ್ಟದ ಮೇಲೆ ಇರುವುದು ನಕಲು ಯಂತ್ರದ ಬಿಚ್ಚಿದ ಕ್ಯಾಸೆಟ್ಟು, ಅದರ ಬೆಲೆ ಅದನ್ನು ಆಡಿದವರಿಗಷ್ಟೇ ಗೊತ್ತು.

ಹಾಗೆಂದು ಸೆಕೆಂಡ್ ಹ್ಯಾಂಡ್ ಖರೀದಿಯೇ ಬೇಡವೆಂಬುದು ಇಲ್ಲಿನ ಅಭಿಪ್ರಾಯವಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಅಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಇಂದು ಮಾರಾಟದಲ್ಲೇ ಇಲ್ಲ. ಅದೇ ವರ್ಷದ ಮಾರ್ಚ್ 27ರಂದು ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಡಿಜಿಟಲ್ ಅಂಗಡಿಯನ್ನು ಮುಚ್ಚಿದಾಗ, ಅಲ್ಲಷ್ಟೇ ಸಿಗುತ್ತಿದ್ದ ಆಟಗಳನ್ನು ಕೊಳ್ಳುವ ದಾರಿಯೇ ಮುಚ್ಚಿತು. ಕೈಯಲ್ಲಿರುವ ಕ್ಯಾಸೆಟ್ಟನ್ನು ಮರಳಿ ಮಾರಬಹುದು, ಗೆಳೆಯರೊಡನೆ ಅದಲುಬದಲು ಮಾಡಿಕೊಳ್ಳಬಹುದು; ಡೌನ್‌ಲೋಡ್ ಮಾಡಿದ್ದಕ್ಕೆ ಆ ಗುಣವಿಲ್ಲ. ಆದ್ದರಿಂದ ಬದಲಾಗಬೇಕಾದದ್ದು ಹುಡುಕುವ ರೀತಿ. ರಾಶಿ ಕೊಳ್ಳದೆ ಹೆಸರು ಹಿಡಿದು ಒಂದೊಂದೇ ಕೊಳ್ಳುವುದು, ಒಂದನ್ನು ಆಡಿ ಮುಗಿಸುವ ತನಕ ಇನ್ನೊಂದಕ್ಕೆ ಕೈಹಾಕದಿರುವುದು, ರಾತ್ರಿ ಹನ್ನೊಂದರ ಮೇಲೆ ಹರಾಜಿನ ಪುಟ ತೆರೆಯದಿರುವುದು, ಇವು ಹಣದ ಶಿಸ್ತಿಗಿಂತ ಮೊದಲು ಸಮಯದ ಶಿಸ್ತು. ದುಡಿದು ದಣಿದ ಹೊತ್ತಿನಲ್ಲಿ ಕೊಳ್ಳುವುದೇ ಆಟವಾಗಿಬಿಟ್ಟರೆ ಆಡುವುದಕ್ಕೆ ಸಂಜೆಗಳೇ ಉಳಿಯುವುದಿಲ್ಲ. ವಸ್ತುವನ್ನು ಕೈಯಲ್ಲಿ ಹಿಡಿದು ನೋಡುವ ಅಭ್ಯಾಸವೂ ಬೇಕು. ನಿಂಟೆಂಡೊದ ಗೇಮ್ ಬಾಯ್ ಅಡ್ವಾನ್ಸ್ ಯಂತ್ರದ ಪೋಕೆಮಾನ್ ಕ್ಯಾಸೆಟ್ಟುಗಳ ನಕಲಿಗಳು ಎಲ್ಲೆಡೆ ತುಂಬಿವೆ. ಅಸಲಿಯಾದರೆ ಲೇಬಲ್ಲಿನ ಮೇಲೆ ಒತ್ತಿದ ಸಣ್ಣ ಸಂಖ್ಯೆಯ ಗುರುತು ಬೆಳಕಿಗೆ ಹಿಡಿದಾಗ ಕಾಣುತ್ತದೆ, ಕೆಳಗಿನ ಪಿನ್ನುಗಳ ಸಾಲಿನ ಮೇಲೆ ಹಲಗೆಯ ಮೇಲೆಯೇ ನಿಂಟೆಂಡೊ ಎಂದು ಅಚ್ಚಾಗಿರುತ್ತದೆ.

ಇಲ್ಲಿಯದೇ ಆದ ಹಳೆಯ ಆಟಗಳತ್ತ ಇಲ್ಲಿಯ ಬೇಟೆಗಾರರ ಕಣ್ಣು ಇನ್ನೂ ಪೂರ್ತಿ ಹೊರಳಿಲ್ಲ. ಪ್ಲೇಸ್ಟೇಷನ್ 2 ಯಂತ್ರಕ್ಕೆಂದು ಹೈದರಾಬಾದಿನಲ್ಲಿ ತಯಾರಾದ 'ಹನುಮಾನ್: ಬಾಯ್ ವಾರಿಯರ್' 2009ರಲ್ಲಿ ಬಂತು, ಅದೇ ವರ್ಷದ 'ದೇಸಿ ಅಡ್ಡಾ'ದಲ್ಲಿ ಕಬಡ್ಡಿ, ಗಾಳಿಪಟದ ಕಾಳಗ, ಚಿಣ್ಣಿದಾಂಡು ಇವೆ, ಆ ಯಂತ್ರದ ಕೊನೆಗಾಲದಲ್ಲಿ, 2013ರಲ್ಲಿ, 'ಡಾನ್ 2' ಚಿತ್ರವನ್ನಾಧರಿಸಿದ ಆಟವೂ ಬಂತು. ಇವು ಇಲ್ಲೇ ಮಾರಾಟವಾದ ಸಿಡಿಗಳಾದ್ದರಿಂದ ಇಲ್ಲೇ ಮಾರಾಟವಾದ ಯಂತ್ರದಲ್ಲಿ ನೇರವಾಗಿ ಓಡುತ್ತವೆ. ಜಪಾನಿನ ಪೆಟ್ಟಿಗೆಯ ಅನುಭವದ ನಂತರ ಅಂಕಣಕಾರನು ಪ್ರತಿ ಖರೀದಿಗೆ ಒಂದು ಪುಟದಂತೆ ಲೆಕ್ಕದ ಪುಸ್ತಕ ಇಟ್ಟಿದ್ದು, ಅದರ ಮೊದಲ ಪುಟದಲ್ಲಿರುವುದು 'ದೇಸಿ ಅಡ್ಡಾ': ಗೆರೆ ಬಿದ್ದ ಸಿಡಿಗೆ 300 ರೂಪಾಯಿ, ಗೆರೆ ಉಜ್ಜಿಸಿದ್ದಕ್ಕೆ 80 ರೂಪಾಯಿ, ಸಾಗಣೆ ಇಲ್ಲ, ಸುಂಕ ಇಲ್ಲ, ಟ್ರಾನ್ಸ್‌ಫಾರ್ಮರ್ ಇಲ್ಲ, ಅದರ ಕೆಳಗೆ, ಮನೆಯ ಮಕ್ಕಳೊಡನೆ ಚಿಣ್ಣಿದಾಂಡು ಆಡಿದ ಹನ್ನೊಂದು ಸಂಜೆಗಳ ತಾರೀಖುಗಳು.