ಕಂಟೇನರ್‌ಗೆ ಮೆಲ್ಬರ್ನ್ ದಾರಿ ಏಕೆ ಗೊತ್ತಿಲ್ಲ?

ಪ್ರಶ್ನೆ: ನಮ್ಮ ಸರ್ವರ್ ಇರುವುದು ಸಿಡ್ನಿಯಲ್ಲಿ. ಅಲ್ಲಿಂದ ಮೆಲ್ಬರ್ನ್ ಕಚೇರಿಯ ಡೇಟಾಬೇಸ್‌ಗೆ ವಯರ್‌ಗಾರ್ಡ್ ಮೂಲಕ ಸಲೀಸಾಗಿ ಸಂಪರ್ಕ ಸಿಗುತ್ತದೆ. ಅದೇ ಸರ್ವರ್‌ನಲ್ಲಿ ಕಂಟೇನರ್‌ಗಾಗಿ ನಾನೇ ಕೈಯಾರೆ ಕಟ್ಟಿದ ನೆಟ್‌ವರ್ಕ್ ನೇಮ್‌ಸ್ಪೇಸ್ ಒಳಗಿಂದ ಮಾತ್ರ ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಎನ್ನುತ್ತದೆ. ಹೋಸ್ಟ್‌ನ ರೂಟ್‌ಗಳನ್ನೆಲ್ಲ ಒಳಕ್ಕೆ ನಕಲು ಮಾಡಿದರೆ ಸಾಕೇ?

ಉತ್ತರ: ಸಾಲದು. ಸಾಮಾನ್ಯವಾಗಿ ಅದರ ಅಗತ್ಯವೂ ಇಲ್ಲ.

ಲಿನಕ್ಸ್‌ನಲ್ಲಿ ಪ್ರತಿ ನೇಮ್‌ಸ್ಪೇಸ್‌ಗೂ ಅದರದೇ ರೂಟಿಂಗ್ ಟೇಬಲ್ ಇರುತ್ತದೆ. ಹೊಸದಾಗಿ ಹುಟ್ಟಿದ ನೇಮ್‌ಸ್ಪೇಸ್‌ನಲ್ಲಿರುವುದು ಲೂಪ್‌ಬ್ಯಾಕ್ ಒಂದೇ, ಅದೂ ಮಲಗಿರುತ್ತದೆ. ಹೋಸ್ಟ್‌ನಲ್ಲಿ ಮೆಲ್ಬರ್ನ್ ದಾರಿ ತೋರುವ, ಉದಾಹರಣೆಗೆ ‘10.20.0.0/16 ಡೆವ್ ಡಬ್ಲ್ಯುಜಿ0’ (ಡಬ್ಲ್ಯುಜಿ0 ಎಂದರೆ ವಯರ್‌ಗಾರ್ಡ್ ಇಂಟರ್‌ಫೇಸ್) ಎಂಬ ಸಾಲನ್ನು ಹಾಗೇ ಒಳಗೆ ಹಾಕಿ ನೋಡಿ: ‘ಕೆನಾಟ್ ಫೈಂಡ್ ಡಿವೈಸ್’ ಎಂಬ ಉತ್ತರ ಬರುತ್ತದೆ. ಮೆಲ್ಬರ್ನ್‌ಗೆ ಹೋಗುವ ಹ್ಯೂಮ್ ಹೆದ್ದಾರಿಯ ಫಲಕ ಕಿತ್ತು ತಂದು ಹಿತ್ತಲಲ್ಲಿ ನೆಟ್ಟರೆ ಮೆಲ್ಬರ್ನ್ ಹತ್ತಿರವಾಗುತ್ತದೆಯೇ? ಗೇಟ್‌ವೇ ಹೆಸರಿಸುವ ರೂಟ್‌ಗಳದು ಇನ್ನೊಂದು ತಕರಾರು. ಆ ಗೇಟ್‌ವೇಗೆ ಹೋಗುವ ದಾರಿ ಮೊದಲೇ ಟೇಬಲ್‌ನಲ್ಲಿ ಇರದಿದ್ದರೆ ಕರ್ನಲ್ ಸಾಲನ್ನೇ ತಿರಸ್ಕರಿಸುತ್ತದೆ. ಅಂದರೆ ನಕಲಿನಲ್ಲಿ ಅನುಕ್ರಮವೂ ಮುಖ್ಯ. ಹೋಸ್ಟ್‌ನ ರೂಟ್‌ಗಳನ್ನು ಒಳಕ್ಕೆ ನಕಲು ಮಾಡುವ ‘ಪಾಸ್ತಾ’ ಎಂಬ ಸಾಧನ (ರೂಟ್‌ಲೆಸ್ ಪಾಡ್‌ಮನ್ 2024ರ 5.0 ಆವೃತ್ತಿಯಿಂದ ಅದನ್ನೇ ನೆಚ್ಚಿಕೊಂಡಿದೆ) ಈ ಕಾರಣಕ್ಕೇ ಎಲ್ಲ ಸಾಲುಗಳೂ ಕೂರುವ ತನಕ ಅದೇ ಪಟ್ಟಿಯನ್ನು ಮತ್ತೆ ಮತ್ತೆ ಕಳಿಸುತ್ತದೆ. ಒರಟು ಉಪಾಯ, ಆದರೆ ಕೆಲಸ ಮಾಡುತ್ತದೆ.

ನಿಮ್ಮ ಕೆಲಸಕ್ಕೆ ಒಂದು ವೆತ್ ಜೋಡಿ ಸಾಕು. ಹೊರ ತುದಿಗೆ 10.99.0.1, ಒಳ ತುದಿಗೆ 10.99.0.2 ಕೊಟ್ಟು, ಒಳಗೆ 10.99.0.1ರ ಕಡೆಗೆ ಒಂದೇ ಒಂದು ಡೀಫಾಲ್ಟ್ ರೂಟ್ ಹಾಕಿ. ಹೋಸ್ಟ್‌ನಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಮಾಡಿ. ಪ್ಯಾಕೆಟ್ ಹೊರಗೆ ಬಂದ ಮೇಲೆ ಮೆಲ್ಬರ್ನ್ ಎತ್ತ ಎಂದು ನೋಡುವುದು ಹೋಸ್ಟ್‌ನ ಟೇಬಲ್ಲೇ.

ಇಷ್ಟಾದರೂ ಪಿಂಗ್ ಮರಳದೆ ಇರಬಹುದು, ಜನ ಸಿಕ್ಕಿಬೀಳುವುದು ಇಲ್ಲೇ. ಮೆಲ್ಬರ್ನ್ ಕಡೆಯ ವಯರ್‌ಗಾರ್ಡ್‌ನ ‘ಅಲೌಡ್ ಐಪೀಸ್’ ಸಾಲಿನಲ್ಲಿ ಸಿಡ್ನಿ ಹೋಸ್ಟ್‌ನ ವಿಳಾಸವಷ್ಟೇ ಇದ್ದರೆ, 10.99.0.2ರಿಂದ ಬಂದ ಪ್ಯಾಕೆಟ್ ಸದ್ದಿಲ್ಲದೆ ಕಸಕ್ಕೆ ಹೋಗುತ್ತದೆ. ಡಬ್ಲ್ಯುಜಿ0 ಮೇಲೆ ಮಾಸ್ಕರೇಡ್ ಹಾಕಿ, ಇಲ್ಲವೇ ಆ ಸಾಲಿಗೆ 10.99.0.0/24 ಸೇರಿಸಿ. ಮೆಲ್ಬರ್ನ್ ಜತೆ ಬಿಟ್ಟು ಬೇರೆ ಸಂಪರ್ಕವೇ ಆ ಕಂಟೇನರ್‌ಗೆ ಬೇಡವಾದರೆ ಡಬ್ಲ್ಯುಜಿ0 ಅನ್ನೇ ಒಳಕ್ಕೆ ಸಾಗಿಸಬಹುದು, ನನಗಂತೂ ಅದೇ ಚೊಕ್ಕಟ ಅನಿಸುತ್ತದೆ. ಸಾಗಿಸಿದ ಮೇಲೂ ಅದರ ಯುಡಿಪಿ ಸಾಕೆಟ್ ಹೋಸ್ಟ್ ಕಡೆಯಲ್ಲೇ ಉಳಿಯುವುದರಿಂದ ಸುರಂಗ ಕಡಿಯುವುದಿಲ್ಲ. ವಿಳಾಸ, ರೂಟ್‌ಗಳು ಮಾತ್ರ ಅಳಿಸಿಹೋಗುತ್ತವೆ, ಒಳಗೆ ಹೊಸದಾಗಿ ಕೊಡಬೇಕು.

ಎರಡೂ ತುದಿಗಳು ಅಮೆಜಾನ್‌ನ ಸಿಡ್ನಿ ಮತ್ತು ಮೆಲ್ಬರ್ನ್ ಕ್ಲೌಡ್ ವಲಯಗಳಲ್ಲೇ ಇದ್ದು ವಿಪಿಸಿ ಪೀರಿಂಗ್ ಆಗಿದ್ದರೆ ನಕಲಿನ ಮಾತೇ ಬರುವುದಿಲ್ಲ. ಮೆಲ್ಬರ್ನ್ ದಾರಿ ಆಗ ವಿಪಿಸಿಯ ಟೇಬಲ್‌ನಲ್ಲಿರುತ್ತದೆ, ಹೋಸ್ಟ್‌ಗೂ ಡೀಫಾಲ್ಟ್ ಒಂದೇ ಸಾಕು.

ಕೈಯಿಂದ ಕಟ್ಟುವುದು ಬಿಟ್ಟು ಮುಂದೆ ಡಾಕರ್‌ಗೆ ಹೋಗುವುದಾದರೆ ಕಚೇರಿಯ ಜಾಲ 172.18.0.0/16 ಅಲ್ಲ ತಾನೇ ಎಂದು ನೋಡಿಕೊಳ್ಳಿ. ಡಾಕರ್ ತನ್ನ ಬ್ರಿಡ್ಜ್‌ಗಳಿಗೆ ಅದೇ ವಿಳಾಸಗಳನ್ನು ಎತ್ತಿಕೊಳ್ಳಬಹುದು. ಹಾಗಾದರೆ ಮೆಲ್ಬರ್ನ್‌ಗೆ ಹೊರಟ ಪ್ಯಾಕೆಟ್ ಸಿಡ್ನಿಯ ಯಂತ್ರದೊಳಗೇ ಸುತ್ತಿ ಸಾಯುತ್ತದೆ.