ಹಳದಿಗೆ ತಿರುಗಿದ ಉಪ್ಪು

ಗುರುಗ್ರಹದ ಚಂದ್ರಗಳಲ್ಲೊಂದಾದ ಯೂರೋಪಾದ ಮೈಯೆಲ್ಲ ಹಿಮ. ಅದರ ಮೇಲೆ ಅಲ್ಲಲ್ಲಿ ಹಳದಿ ಬೆರೆತ ಕಂದು ಗೆರೆಗಳು, ಕಲೆಗಳು. ಹಿಮದಡಿಯಲ್ಲಿ ಉಪ್ಪುನೀರಿನ ಕಡಲಿದೆಯೆನ್ನಲು ಬಲವಾದ ಆಧಾರಗಳಿವೆ. ಹಾಗಾದರೆ ಆ ಕಲೆಗಳು ಕಡಲಿನಿಂದ ಮೇಲೆದ್ದ ಅಡಿಗೆಯುಪ್ಪೇ ಏಕಾಗಿರಬಾರದು? ಉಪ್ಪು ಬಿಳಿಯದಲ್ಲವೆ, ಎಂದು ನಾವು ಕೇಳುವುದು ಸಹಜ.

2015ರಲ್ಲಿ ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಶಾಲೆಯ ಕೆವಿನ್ ಹ್ಯಾಂಡ್ ಮತ್ತು ರಾಬರ್ಟ್ ಕಾರ್ಲ್‌ಸನ್ ಈ ಪ್ರಶ್ನೆಯನ್ನೇ ಪರೀಕ್ಷೆಗೊಡ್ಡಿದರು. ನಿರ್ವಾತ ಪಾತ್ರೆಯಲ್ಲಿ ಉಪ್ಪನ್ನಿರಿಸಿ, ಸೊನ್ನೆಗಿಂತ 173 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿ, ಎಲೆಕ್ಟ್ರಾನುಗಳ ಧಾರೆಯನ್ನು ಹಾಯಿಸಿದರು. ಗುರುವಿನ ಕಾಂತಕ್ಷೇತ್ರದಲ್ಲಿ ಸಿಲುಕಿದ ಇಂಥ ಕಣಗಳೇ ಯೂರೋಪಾವನ್ನು ಸದಾ ಬಡಿಯುತ್ತಿರುವುವು. ಕೆಲವು ಹತ್ತು ಗಂಟೆಗಳಲ್ಲಿ, ಎಂದರೆ ಅಲ್ಲಿನ ನೂರು ವರ್ಷಗಳವರೆಗಿನ ಹೊಡೆತಕ್ಕೆ ಸಮನಾದ ಅವಧಿಯಲ್ಲಿ, ಬಿಳಿಯುಪ್ಪು ಹಳದಿಗಂದಾಯಿತು! ಹರಳಿನಲ್ಲಿ ಕ್ಲೋರಿನ್ ಅಯಾನು ತೆರವು ಮಾಡಿದ ಎಡೆಯಲ್ಲಿ ಎಲೆಕ್ಟ್ರಾನೊಂದು ಸಿಕ್ಕಿಬಿದ್ದರೆ ಅದು ನೀಲಿ ಬೆಳಕನ್ನು ಹೀರುವುದು; ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿ.

ಬಣ್ಣ ಹೋಲಿದೊಡನೆ ವಸ್ತುವೂ ಅದೇ ಎನ್ನಲಾಗದು. ಗಂಧಕದ ಸಂಯುಕ್ತಗಳಿಗೂ ಇಂಥ ಬಣ್ಣವುಂಟು. ಗೆಲಿಲಿಯೋ ನೌಕೆಯ ಅವಗೆಂಪು ಉಪಕರಣದಿಂದ ತೀರ್ಪು ದೊರೆಯುವಂತಿರಲಿಲ್ಲ, ಏಕೆಂದರೆ ಒಣ ಉಪ್ಪಿಗೆ ಆ ಬೆಳಕಿನಲ್ಲಿ ಸ್ಪಷ್ಟ ಗುರುತುಗಳೇ ಇಲ್ಲ. ಆದರೆ 2019ರಲ್ಲಿ ಪ್ರಕಟವಾದ ಹಬಲ್ ದೂರದರ್ಶಕದ ರೋಹಿತಗಳಲ್ಲಿ 450 ನ್ಯಾನೊಮೀಟರ್ ಬಳಿ ಅದೇ ಹೀರಿಕೆ ಕಂಡುಬಂದಿತು. ಮೇಲ್ಮೈ ಒಡೆದು ಚೆಲ್ಲಾಪಿಲ್ಲಿಯಾದ ತಾರಾ ಪ್ರದೇಶದಲ್ಲಿ ಅದು ಹೆಚ್ಚು. ಒಳಗಿನ ದ್ರವ್ಯ ಹೊರಬಂದಿರಬಹುದಾದ ತಾಣವೂ ಅದೇ.