ಬಿಲ್ಲಿಗೆ ಕುಳಿತ ಮೊದಲ ದಿನ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವ ಮುನ್ನ, ಗದ್ದೆಯನ್ನು ಹಾಳುಮಾಡುವ ಕಾಡುಹಂದಿಯನ್ನು ಮಲೆನಾಡಿಗರು ಒಟ್ಟುಗೂಡಿ ಬೇಟೆಯಾಡುತ್ತಿದ್ದರು. ಕೆಲವರು ನಾಯಿಗಳೊಡನೆ ಹಳುವಿಗೆ ನುಗ್ಗಿ, ಕೂಗುತ್ತ ಹಂದಿಯನ್ನು ಎಬ್ಬಿಸುವರು. ಕೋವಿ ಹಿಡಿದವರು ಅದು ಹಾಯುವ ದಾರಿಯಲ್ಲಿ ಕಾದಿರುವರು. ಆ ಕಾಯುವ ತಾಣವೇ 'ಬಿಲ್ಲು'.

ಮೊದಲ ಬಾರಿಗೆ ಬಿಲ್ಲಿಗೆ ಕುಳಿತ ತರುಣನಿಗೆ ಹಿರಿಯನು ಹೇಳಿದ್ದು ಒಂದೇ ಮಾತು: "ಕಣ್ಣಿಗೆ ಕಾಣದುದಕ್ಕೆ ಗುಂಡು ಹಾರಿಸಬೇಡ, ಮಗೂ."

ನಾಯಿಗಳ ಬೊಗಳು ಸಮೀಪಿಸಿತು. ಎದುರಿನ ಪೊದೆ ಅಲುಗಿತು. ತರುಣನ ಎದೆ ಡವಗುಟ್ಟಿತು, ಕೋವಿ ಭುಜಕ್ಕೇರಿತು. ಆದರೆ ಹಿರಿಯನ ಮಾತು ನೆನಪಾಗಿ ಬೆರಳು ತಡೆಯಿತು. ಪೊದೆಯನ್ನು ಸರಿಸಿ ಹೊರಬಂದವನು ಹಳು ನುಗ್ಗಿದ್ದ ಆಳು! ಹಂದಿ ಬೇರೆಡೆ ನುಸುಳಿ ಹೋಗಿತ್ತು.

ಕೋವಿ ಇಳಿಸಿದ ಮೇಲೆ ತರುಣನ ಕೈ ನಡುಗತೊಡಗಿತು. ಹಿರಿಯನು ಅವನ ಬೆನ್ನು ತಟ್ಟಿ, "ಹಂದಿ ನಾಳೆಯೂ ಸಿಕ್ಕೀತು, ಹೋದ ಪ್ರಾಣ ಮರಳದು" ಎಂದನು.